ಹತ್ತು ಪೌಂಡ್ ದಾಟಬಾರದು

ಗ್ರಂಥಪಾಲಕರ ಮನೆಯಲ್ಲಿ ತಿರುಗಿಸಲು ಬರುವ ವಸ್ತುಗಳೆಲ್ಲ ಹೆಂಡತಿಯ ಸುಪರ್ದಿಯಲ್ಲಿದ್ದವು. ಒಲೆಯ ಗುಂಡಿ, ಗೀಸರಿನ ಗುಂಡಿ, ಬಚ್ಚಲ ನಲ್ಲಿ, ಫ್ಯಾನಿನ ರೆಗ್ಯುಲೇಟರು, ಎಲ್ಲ. ಚಳಿಯಾಗುತ್ತದೆಂದು ಅವರು ಫ್ಯಾನನ್ನು ಮೂರರಿಂದ ಎರಡಕ್ಕಿಳಿಸಿದರೆ ಸಾಕು, ಅಡುಗೆಮನೆಯಿಂದ "ಯಾರ್ರೀ ಅದು ಮುಟ್ಟಿದ್ದು?" ಎಂಬ ಪ್ರಶ್ನೆ ಬರುತ್ತಿತ್ತು. (ಮನೆಯಲ್ಲಿದ್ದವರು ಇಬ್ಬರೇ. ಆದರೂ 'ಯಾರು' ಎಂದೇ ವಿಚಾರಣೆ ಶುರುವಾಗಬೇಕು.)

ಆಕೆಯನ್ನೂ ಬೈಯುವ ಹಾಗಿಲ್ಲ ಬಿಡಿ. ಆಕೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ಮೇಲ್ವಿಚಾರಕಿ. ಹಬೆಯ ಒತ್ತಡ ಕೆಂಪು ಗೆರೆ ದಾಟದಂತೆ ದಿನಕ್ಕೆ ಎಂಟು ಗಂಟೆ ಕಾಯುವುದೇ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ದಾಟಿಲ್ಲ. ಅಂಥವಳು ಮನೆಗೆ ಬಂದ ಮೇಲೆ ಗಂಡನೊಬ್ಬನನ್ನು ಸುಮ್ಮನೆ ಬಿಡುತ್ತಾಳೆಯೇ?

ಅದಕ್ಕೇ ಐವತ್ತು ತುಂಬಿದ ವರ್ಷ ಗ್ರಂಥಪಾಲಕರು ಹಟ ಹಿಡಿದು ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡರು. ಕೆಂಪು ಬಣ್ಣ, ಎರಡೇ ಬಾಗಿಲು. ಒಳಗೆ ಕೂರುವುದು ಸುಲಭ, ಬಿದ್ದರಾಯಿತು. ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು. ಅಷ್ಟು ಸಾಲದೆಂದು ಮೆಕ್ಯಾನಿಕ್‌ನನ್ನು ಹಿಡಿದು ಅದಕ್ಕೊಂದು ಟರ್ಬೊ ಬೇರೆ ಕೂಡಿಸಿದರು. ಆ ಟರ್ಬೊ ಜೊತೆಗೆ ಅವರ ಬಾಳಿಗೆ ಬಂದದ್ದು ಡ್ಯಾಶ್‌ಬೋರ್ಡಿನ ಕೆಳಗಿನ ಅಂಕಿ ಕೊರೆದ ಒಂದು ಪುಟ್ಟ ಹಿತ್ತಾಳೆ ನಾಬ್.

"ನೋಡಿ ಸರ್," ಎಂದು ಮೆಕ್ಯಾನಿಕ್ ಬಿಡಿಸಿ ಹೇಳಿದ್ದ. "ಇಂಜಿನ್ ಹೊಗೆ ಹೊರಗೆ ಹೋಗ್ವಾಗ ಒಂದು ಚಕ್ರ ತಿರುಗಿಸತ್ತೆ. ಆ ಚಕ್ರ ಇಂಜಿನ್ನಿಗೆ ಗಾಳಿ ತುರುಕತ್ತೆ. ಗಾಳಿ ಜಾಸ್ತಿ ಆದ್ರೆ ಗಾಡಿ ಜೋರು. ಅತಿ ಆದ್ರೆ ಇಂಜಿನ್ ಢಮಾರ್. ಅದಕ್ಕೇ ಒಂದು ಸಣ್ಣ ಬಾಗಿಲಿದೆ. ಒತ್ತಡ ಮಿತಿಗೆ ಬಂದಾಗ ಅದು ತೆರ್ಕೊಂಡು ಹೊಗೇನ ಪಕ್ಕದಿಂದ ಬಿಟ್ಬಿಡತ್ತೆ. ಎಷ್ಟು ಒತ್ತಡಕ್ಕೆ ತೆರೀಬೇಕು ಅನ್ನೋದನ್ನ ಈ ನಾಬಲ್ಲಿ ಇಡೋದು. ಹತ್ತು ಪೌಂಡಿಗೆ ಇಟ್ಟಿದೀನಿ. ಮೇಲೆ ಹೋಗ್ಬೇಡಿ."

ಗ್ರಂಥಪಾಲಕರು ತಲೆಯಾಡಿಸಿದರು. ಆದರೆ ಮನಸ್ಸು ಆಗಲೇ ನಾಬಿನ ಮೇಲೆ ಕೂತಿತ್ತು. ಜಗತ್ತಿನಲ್ಲಿ ತಮಗೂ ತಿರುಗಿಸಲು ಏನೋ ಒಂದಿದೆ! ಅಂದಿನಿಂದ ದಿನಕ್ಕೆ ಒಂದು ಕೂದಲೆಳೆಯಷ್ಟು ತಿರುಗಿಸಿದರು. ತಿಂಗಳೊಪ್ಪತ್ತಿನಲ್ಲಿ ಹದಿನಾಲ್ಕಕ್ಕೆ ಮುಟ್ಟಿಸಿದರು. ಮನೆಯಿಂದ ಗ್ರಂಥಾಲಯಕ್ಕೆ ನಾಲ್ಕು ಸಿಗ್ನಲ್ಲು, ಒಂದು ಶಾಲೆ, ಎಂಟು ಉಬ್ಬು. ಆ ದಾರಿಯಲ್ಲಿ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೂರರ ಮೇಲೆ ಎದ್ದದ್ದೇ ಇಲ್ಲ, ಅದು ಬೇರೆ ಮಾತು. ಆದರೂ ದಿನವಿಡೀ ಬೇರೆಯವರಿಗೆ "ಶ್" ಎನ್ನುವ ಮನುಷ್ಯ ತಾವೇ ಕಪಾಟುಗಳ ನಡುವೆ ನಿಂತು "ಹದಿನಾಲ್ಕು ಪೌಂಡ್!" ಎಂದು ಊದತೊಡಗಿದರು.

ಗ್ರಂಥಾಲಯದಲ್ಲಿ ಊದಿದ್ದರೆ ಸರಿಹೋಗುತ್ತಿತ್ತು. ಊಟಕ್ಕೆ ಕೂತಾಗಲೂ ಬಾಯಿ ತಡೆಯಲಿಲ್ಲ.

"ಎಷ್ಟಕ್ಕಿಟ್ಟಿದೀರಿ?" ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಹದಿನಾಲ್ಕು."

"ಮೆಕ್ಯಾನಿಕ್ ಎಷ್ಟಕ್ಕಿಟ್ಟಿದ್ದ?"

"ಹತ್ತಕ್ಕೆ. ಪಾಪ, ಪುಕ್ಕಲ."

"ನಮ್ಮ ಬಾಯ್ಲರ್ ರೂಮಲ್ಲಿ ಹೇಳದೆ ಕೇಳದೆ ಒತ್ತಡ ಏರಿಸೋರಿಗೆ ಏನು ಮಾಡ್ತೀವಿ ಗೊತ್ತಾ?"

"ಶಾಲು ಹೊದಿಸ್ತೀರಾ?"

"ಹೊಸ್ತಿಲು ತುಳಿಯೋಕೆ ಬಿಡಲ್ಲ." ಆಕೆ ಸೌಟನ್ನು ಕೆಳಗಿಟ್ಟಳು. "ಭಾನುವಾರ ಬೆಳಗ್ಗೆ ತಪಾಸಣೆ. ನೀರಿನ ಟ್ಯಾಂಕ್ ಹತ್ರ ಏರು ಇದೆಯಲ್ಲ, ಜನ ಓಡಾಡಲ್ಲ, ಅಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಹತ್ತಿಸಿ. ನಾನು ಮೀಟರ್ ನೋಡ್ತೀನಿ. ಮುಳ್ಳು ಹತ್ತು ದಾಟದೆ ಇದ್ರೆ ಆ ನಾಬ್ ನಿಮ್ಮದು, ನಾನು ತುಟಿಪಿಟಕ್ ಅನ್ನಲ್ಲ. ದಾಟ್ತೋ, ನಾಬ್ ನನ್ನ ಸುಪರ್ದಿಗೆ."

ನೀವಾಗಿದ್ದರೆ ಎದ್ದುಹೋಗಿ ನಾಬನ್ನು ಸುಮ್ಮನೆ ಹತ್ತಕ್ಕೆ ತಿರುಗಿಸಿ ಬರುತ್ತಿದ್ದಿರಿ. ಅರ್ಧ ನಿಮಿಷದ ಕೆಲಸ. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಗ್ರಂಥಪಾಲಕರು ನಮ್ಮಂಥ ಪಾಮರರಲ್ಲ. ಊರಿಗೆಲ್ಲ ಹದಿನಾಲ್ಕು ಎಂದು ಡಂಗುರ ಹೊಡೆದು ಹತ್ತಕ್ಕಿಳಿಯುವುದೇ? ಮರ್ಯಾದೆ ಏನಾಗಬೇಕು? ಹದಿನಾಲ್ಕೂ ಇರಬೇಕು, ಹೆಂಡತಿಯ ಕಣ್ಣಿಗೆ ಹತ್ತೂ ಕಾಣಬೇಕು. ಎರಡು ದಿನ ಮೋಟಾರು ಪುಸ್ತಕಗಳ ಕಪಾಟಿನೊಳಗೇ ತಲೆಯಿಟ್ಟು ಕೂತು ಕೊನೆಗೆ ಉಪಾಯ ಹಿಡಿದರು. ಮೀಟರಿಗೆ ಹೋಗುವುದು ಒಂದು ಸಣ್ಣ ರಬ್ಬರ್ ಕೊಳವೆ. ಅದನ್ನು ಅಮುಕಿ ಹಿಡಿದರೆ ಒತ್ತಡ ಮೀಟರಿಗೆ ಪೂರ್ತಿ ಮುಟ್ಟುವುದಿಲ್ಲ, ಮುಳ್ಳು ಪಾಪದ ಹಸುವಿನಂತೆ ಹತ್ತರೊಳಗೇ ಇರುತ್ತದೆ.

ಭಾನುವಾರ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಕನ್ನಡಿಯ ಮುಂದಿದ್ದ ಆಕೆಯ ತಲೆಗೂದಲಿನ ದೊಡ್ಡ ಕ್ಲಿಪ್ಪನ್ನು ಎತ್ತಿಕೊಂಡು ಬಾನೆಟ್ ತೆರೆದರು. ನೋಡಿದರೆ ಒಂದಲ್ಲ, ಒಂದೇ ಥರದ ಎರಡು ಕಪ್ಪು ಕೊಳವೆಗಳು. ಒಂದು ಮೀಟರಿಗೆ ಹೋಗುವುದು, ಇನ್ನೊಂದು ಆ ಹೊಗೆಬಾಗಿಲಿಗೆ ಹೋಗುವುದು. ಯಾವುದು ಯಾವುದಕ್ಕೆ? ಗ್ರಂಥಪಾಲಕರು ಶಾಸ್ತ್ರೋಕ್ತವಾಗಿ ವಿಚಾರ ಮಾಡಿದರು. ಸೀಟಿನಲ್ಲಿ ಕೂತರೆ ಮೀಟರ್ ಎಡಕ್ಕಿದೆ. ಆದ್ದರಿಂದ ಎಡಗಡೆಯ ಕೊಳವೆಯೇ ಮೀಟರಿನದು. ತಮ್ಮ ಎಡಗಡೆಗಿದ್ದ ಕೊಳವೆಗೆ ಕ್ಲಿಪ್ ಕಚ್ಚಿಸಿ ಬಾನೆಟ್ ಮುಚ್ಚಿದರು.

ಹೆಂಡತಿ ಜುಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಂದಳು. "ನನ್ನ ಕ್ಲಿಪ್ ಕಂಡಿರಾ?"

"ಇಲ್ವಲ್ಲ. ಎಲ್ಲಾದ್ರೂ ಇಟ್ಟಿರ್ತೀಯ."

ಏರಿನ ಬುಡಕ್ಕೆ ಬಂದಾಗ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗ್ರಂಥಪಾಲಕರು ಆಕ್ಸಿಲರೇಟರಿನ ಮೇಲೆ ಮೆಲ್ಲಗೆ ಪಾದವಿಟ್ಟರು.

"ಪೂರ್ತಿ ಒತ್ರೀ. ಪಾದ ಪೂಜೆಗೆ ಬಂದಿಲ್ಲ ನಾವು."

ಒತ್ತಿದರು. ಕೊಂಡಾಗಿನಿಂದ ಮೊದಲ ಸಲ ಪೂರ್ತಿ ಒತ್ತಿದ್ದು. ಕಾರು ಅವರ ಬೆನ್ನನ್ನು ಸೀಟಿಗೆ ಅಂಟಿಸಿ ಹಾರಿತು. ಹೆಂಡತಿ ಮೀಟರಿನಿಂದ ಕಣ್ಣು ಕೀಳದೆ ಓದತೊಡಗಿದಳು. "ಐದು. ಎಂಟು. ಹತ್ತು."

ಗ್ರಂಥಪಾಲಕರು ಮುಗುಳ್ನಕ್ಕರು.

"ಹನ್ನೆರಡು."

ನಗು ಅಲ್ಲಿಗೇ ಕಟ್ಟಾಯಿತು. ಕತ್ತು ಹಿಚುಕಿದ ಮೀಟರೇ ಹನ್ನೆರಡು ತೋರಿಸುತ್ತಿದೆ ಎಂದರೆ ನಿಜವಾದ ಒತ್ತಡ ಎಷ್ಟಿರಬೇಕು? ನಲವತ್ತೇ? ಅರವತ್ತೇ? ಈ ಕಾರು ಇನ್ನೆಷ್ಟು ಹೊತ್ತು ಕಾರಾಗಿ ಉಳಿದೀತು?

"ಹದಿನೈದು. ಹದಿನೇಳು. ಕಾಲು ತೆಗೀರಿ."

"ಯಾವ ಕಾಲೇ?" ಎಂದು ಅರಚಿದರು ಗ್ರಂಥಪಾಲಕರು.

ಕಾಲು ಹುಡುಕುವಷ್ಟರಲ್ಲಿ ಇಂಜಿನ್ ತಾನೇ ಬುದ್ಧಿ ಉಪಯೋಗಿಸಿ ಪೆಟ್ರೋಲ್ ನಿಲ್ಲಿಸಿತು. ಢಬ್ ಎಂದು ಒಂದು ಸದ್ದು, ಎರಡು ಕುಲುಕಾಟ, ಕಾರು ರಸ್ತೆಯ ಪಕ್ಕಕ್ಕೆ ಬಂದು ನಿಂತಿತು. ಹೆಂಡತಿ ಹ್ಯಾಂಡ್ ಬ್ರೇಕ್ ಎಳೆದು, ಕೀ ಕಿತ್ತುಕೊಂಡು, ಇಳಿದುಹೋಗಿ ಬಾನೆಟ್ ತೆರೆದಳು. ಆಮೇಲೆ ಕರೆ ಬಂತು.

"ರೀ, ಬನ್ನಿ ಇಲ್ಲಿ. ನನ್ನ ಕ್ಲಿಪ್ ಸಿಕ್ತು."

ಗ್ರಂಥಪಾಲಕರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. (ಆ ಕಾರಿನಲ್ಲಿ ಕೂತರೆ ನೆಲ ಹೇಗೂ ಹತ್ತಿರವೇ.) ಬಾಗಿಲು ಹಿಡಿದು ಹೇಗೋ ಎದ್ದು ಬಂದರು.

"ಇದು ಯಾವ ಕೊಳವೆ?"

"ಮೀಟರಿಂದು."

"ಮೀಟರಿಂದಾಗಿದ್ರೆ ಮುಳ್ಳು ಹೇಗ್ರೀ ಹದಿನೇಳಕ್ಕೆ ಹೋಯ್ತು? ಇದು ಹೊಗೆಬಾಗಿಲಿಂದು. ಇಲ್ಲಿಂದ ಒತ್ತಡ ಹೋದ್ರೆ ತಾನೇ ಬಾಗಿಲು ತೆರೆಯೋದು? ಮೀಟರ್ ಕೈಲಿ ಸುಳ್ಳು ಹೇಳಿಸೋಕೆ ಹೋಗಿ ಬಾಗಿಲಿಗೆ ಬೀಗ ಜಡಿದಿದೀರಿ."

"ಎಡಗಡೆದು ಅಂತ ನೋಡೇ ಹಾಕಿದ್ದು..."

"ಯಾರ ಎಡ? ಕೂತಾಗ ನೋಡಿದ ಎಡಾನೋ, ಕಾರಿಗೆ ಎದುರು ನಿಂತಾಗ ನೋಡಿದ ಎಡಾನೋ?"

ಗ್ರಂಥಪಾಲಕರು ನಿಂತಲ್ಲೇ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ ನೋಡಿಕೊಂಡರು.

ಆಕೆ ಕ್ಲಿಪ್ಪನ್ನು ತಲೆಗೆ ಸಿಕ್ಕಿಸಿಕೊಂಡಳು. ಬಾನೆಟ್ ಮುಚ್ಚಿ, ಕಾರಿನೊಳಗೆ ಬಗ್ಗಿ ನಾಬನ್ನು ಹತ್ತಕ್ಕೆ ತಿರುಗಿಸಿದಳು. ಆಮೇಲೆ ಹೋಗಿ ಸ್ಟೀರಿಂಗ್ ಹಿಂದೆ ಕೂತಳು.

"ತಪಾಸಣೆ ಮುಗೀತಲ್ಲ?" ಎಂದರು ಗ್ರಂಥಪಾಲಕರು ದೀನರಾಗಿ.

"ಅರ್ಧಕ್ಕೆ ನಿಂತ ತಪಾಸಣೆ ಲೆಕ್ಕಕ್ಕಿಲ್ಲ. ಆ ಕಡೆ ಹತ್ತಿ."

ಹತ್ತಿದರು. ಕಾರು ಹೊರಟಿತು. ಹೊರಟಿತು ಎಂದರೆ, ಗ್ರಂಥಪಾಲಕರ ಕನ್ನಡಕ ಹಣೆಗೆ ಹೋಯಿತು, ಹೊಟ್ಟೆ ಹಿಂದುಳಿಯಿತು. ಮುಳ್ಳು ನೆಟ್ಟಗೆ ಹತ್ತಕ್ಕೆ ಹೋಗಿ ಕೀಲಿ ಹಾಕಿದಂತೆ ನಿಂತಿತು. ಏರಿನ ತುದಿ ಮುಟ್ಟಿ ಆಕೆ ಕಾಲು ತೆಗೆದಾಗ ಟರ್ಬೊ "ಶ್ಶ್" ಎಂದಿತು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಹೆಂಡತಿ ಅಷ್ಟು ಜೋರಾಗಿ ನಕ್ಕದ್ದನ್ನು ಅವರು ಕೇಳಿರಲಿಲ್ಲ. ಆಕೆ ಕಾರನ್ನು ತಿರುಗಿಸಿ ಕೆಳಗಿಳಿಸಿ ಮತ್ತೆ ಹತ್ತಿಸಿದಳು. ಮೂರನೇ ಸಲವೂ ಹತ್ತಿಸಿದಳು.

"ನಿಧಾನ ಕಣೇ, ನಿನ್ನ ದಮ್ಮಯ್ಯ, ನಿಧಾನ!"

"ಯಾಕೆ, ಹತ್ತು ದಾಟಿಲ್ವಲ್ಲ?"

ಟ್ಯಾಂಕಿನ ಹತ್ತಿರ ನಿಲ್ಲಿಸಿ ಆಕೆ ತೀರ್ಪು ಕೊಟ್ಟಳು. "ಕಾರು ಪಾಸು. ನೀವು ಫೇಲು. ನಾಳೆಯಿಂದ ಲಾಂಡ್ರಿಗೆ ಇದರಲ್ಲೇ ಹೋಗ್ತೀನಿ. ನಿಮ್ಮನ್ನ ದಾರೀಲಿ ಗ್ರಂಥಾಲಯದ ಹತ್ರ ಇಳಿಸ್ತೀನಿ."

ಗ್ರಂಥಪಾಲಕರ ಮುಖ ಚಿಕ್ಕದಾಯಿತು. "ನನಗೂ ಅಂತ ತಿರುಗಿಸೋಕೆ ಒಂದೇ ಒಂದಿತ್ತು. ಅದೂ ಹೋಯ್ತು," ಎಂದರು.

ಹೆಂಡತಿಗೆ ಅಯ್ಯೋ ಅನಿಸಿತು. ಎಷ್ಟಾದರೂ ಕಟ್ಟಿಕೊಂಡ ಗಂಡ. ಅತ್ತಿತ್ತ ನೋಡಿ, ಅವರ ಬಾಗಿಲಿಗಿದ್ದ ಕಿಟಕಿ ಗಾಜಿನ ಹಿಡಿಕೆಯನ್ನು ತೋರಿಸಿದಳು. "ತಗೊಳ್ಳಿ, ಅದು ಪೂರ್ತಿ ನಿಮ್ಮದು. ಯಾವಾಗ ಬೇಕಾದ್ರೂ ತಿರುಗಿಸಿ. ನಾನು ಯಾಕೆ ಅಂತ ಕೇಳಲ್ಲ."

ಗ್ರಂಥಪಾಲಕರು ಬೆನ್ನು ನೆಟ್ಟಗೆ ಮಾಡಿಕೊಂಡು, ರಾಜಗಾಂಭೀರ್ಯದಿಂದ ಹಿಡಿಕೆ ತಿರುಗಿಸಿದರು. ಗಾಜು ಇಳಿಯಿತು. ತಣ್ಣನೆಯ ಗಾಳಿ ಒಳಗೆ ಬಂತು.

"ರೀ, ಧೂಳು ಬರತ್ತೆ, ಏರಿಸಿ."

ಏರಿಸಿದರು.