ಹಾಯಿದೋಣಿಗೆ ಅರ್ಥಿಂಗ್ ಮಾಡಿದ ಪ್ರಸಂಗ

ಮೂವತ್ತು ವರ್ಷ ಟಿ. ನರಸೀಪುರದಲ್ಲಿ ಮನೆಗಳಿಗೆ ವೈರಿಂಗ್ ಮಾಡಿದವನು ನಾನು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವಿಷಯದಲ್ಲಂತೂ ನನ್ನದು ಬಹಳ ಕಟ್ಟುನಿಟ್ಟು. ಬೇರೆಯವರು ಗುಂಡಿಗೆ ಎರಡು ಹಿಡಿ ಉಪ್ಪು ಹಾಕಿ ಕೈತೊಳೆದುಕೊಂಡರೆ, ನಾನು ಮೂಟೆ ಇದ್ದಿಲು, ಮೂಟೆ ಉಪ್ಪು ಸುರಿದು, ಪೈಪು ಹೂತು, ಮನೆಯವರ ಕೈಯಲ್ಲಿ ಮೂರು ಬಿಂದಿಗೆ ನೀರು ಹೊಯ್ಯಿಸಿದ ಮೇಲೆಯೇ ಕರೆಂಟು ಕೊಡುತ್ತಿದ್ದೆ. ಅಂಥವನು ಒಂದು ಸಣ್ಣ ದೋಣಿಯನ್ನು ಸಿಡಿಲಿನಿಂದ ಕಾಪಾಡಲಾರನೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಧಾರಾಳವಾಗಿ ಕಾಪಾಡಬಲ್ಲ ಎಂದು ಉತ್ತರವನ್ನೂ ನಾನೇ ಕೊಟ್ಟೆ!

ಕೆಲಸ ಬಿಟ್ಟ ಮೇಲೆ ಮೊಬೈಲಿನಲ್ಲಿ ಹಾಯಿದೋಣಿಗಳ ವಿಡಿಯೋ ನೋಡಿ ನೋಡಿ ನನಗೆ ಹುಚ್ಚು ಹತ್ತಿತ್ತು. ತಲಕಾಡಿನಲ್ಲಿ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ನಡುವೆ ಹದಿನೈದು ಅಡಿ ಕಬ್ಬಿಣದ ಪೈಪು ನಿಲ್ಲಿಸಿ, ಟಾರ್ಪಾಲು ಕಟ್ಟಿದೆ. ಅಷ್ಟರಲ್ಲಿ ನನ್ನ ಹೆಂಡತಿ ಗೌರಮ್ಮನ ಅಕ್ಕನ ಮೊಮ್ಮಗನಿಗೆ ನಾಮಕರಣ ಗೊತ್ತಾಯಿತು. ಅಕ್ಕನ ಊರು ತಲಕಾಡಿನ ಎದುರಿಗೆ, ಕಾವೇರಿ ಹೊಳೆಯ ಆಚೆ ದಡದಲ್ಲಿ. ಮಗುವಿನ ಸೊಂಟಕ್ಕೆ ಬೆಳ್ಳಿ ಉಡಿದಾರ ಕಟ್ಟುವ ಗೌರವ ಗೌರಮ್ಮನದು. ಮುಹೂರ್ತ ಹನ್ನೊಂದೂವರೆಗೆ.

"ದೋಣೀಲೇ ಹೋಗೋಣ ಕಣೆ," ಎಂದೆ.

"ಅಷ್ಟುದ್ದ ಕಬ್ಬಿಣ ನೆಟ್ಕಂಡು ಹೊಳೆ ಮಧ್ಯಕ್ಕೆ ಹೋದ್ರೆ ಸಿಡಿಲು ನಿಮ್ಮನ್ನ ಬಿಟ್ಟು ಇನ್ಯಾರಿಗೆ ಹೊಡೀತದೆ? ಈ ತಿಂಗ್ಳು ದಿನಾ ಗುಡುಗು ಕಣ್ರೀ. ನಂಗೆ ಬಸ್ಸೇ ವಾಸಿ."

ಮೂವತ್ತು ವರ್ಷದ ಅನುಭವಕ್ಕೇ ಸವಾಲು! ಮರುದಿನವೇ ಪೈಪಿನ ತುದಿಗೆ ತಾಮ್ರದ ಕಡ್ಡಿ ಕೂರಿಸಿ, ಬುಡದಿಂದ ತಂತಿ ಎಳೆದೆ. ತಂತಿಯ ಇನ್ನೊಂದು ತುದಿ ಮಣ್ಣಿಗೆ ಹೋಗಬೇಕು. ದೋಣಿಯಲ್ಲಿ ಮಣ್ಣಿಲ್ಲ. ತಂದರಾಯಿತು! ಒಂದು ಡ್ರಮ್ಮಿಗೆ ಮಣ್ಣು, ಇದ್ದಿಲು, ಉಪ್ಪು ತುಂಬಿ ದೋಣಿಯ ಹಿಂಭಾಗದಲ್ಲಿ ಇಟ್ಟೆ. ಶಾಸ್ತ್ರೋಕ್ತವಾಗಿ ಮೂರು ಬಿಂದಿಗೆ ನೀರನ್ನೂ ಹೊಯ್ದೆ. ಮೂರನೆಯ ಬಿಂದಿಗೆಗೆ ದೋಣಿಯ ಮೂತಿ ಆಕಾಶ ನೋಡಿತು, ಹಿಂಭಾಗ ಹೊಳೆಗಿಳಿಯಿತು.

ಅಲ್ಲೇ ತೆಪ್ಪ ಹಾಕುವ ಮಾದಪ್ಪ ಬೀಡಿ ಸೇದುತ್ತಾ ನೋಡುತ್ತಿದ್ದ. "ಸಾ, ತಂತೀನ ನೀರಿಗೇ ಇಳೆಬುಟ್ರೆ ಆಗಕಿಲ್ವಾ? ಸುತ್ತ ನೀರೇ ಅದಲ್ಲಾ."

"ಮಾದಪ್ಪ, ಅರ್ಥಿಂಗ್ ಅಂದ್ರೆ ಭೂಮಿ. ನೀನು ಹುಟ್ಟು ಹಾಕು, ಕರೆಂಟಿನ ವಿಚಾರ ನನಗೆ ಬಿಡು."

ಅವನು ಬಿಟ್ಟ. ಮಣ್ಣು ದೋಣಿಗೆ ಬರದಿದ್ದರೆ ದೋಣಿಯ ತಂತಿಯೇ ಮಣ್ಣಿಗೆ ಹೋಗಲಿ ಎಂದು ತೀರ್ಮಾನಿಸಿ, ದಡದಲ್ಲಿ ಆರಡಿ ಗುಂಡಿ ತೋಡಿಸಿದೆ. ಈ ಸಲ ಎರಡು ಮೂಟೆ ಉಪ್ಪು! ಅಲ್ಲಿ ಹೂತ ಪೈಪಿಗೆ ತಂತಿಯ ಒಂದು ತುದಿ, ದೋಣಿಯ ಪೈಪಿಗೆ ಇನ್ನೊಂದು ತುದಿ. ನಡುವಿನ ಸುರುಳಿ ದೋಣಿಯಲ್ಲಿ. ಮುಂದೆ ಹೋದಂತೆ ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆ ಕ್ಲಾಂಪು, ಬೋಲ್ಟು, ಬಿಗಿಯೋ ಬಿಗಿ. ಹೊಳೆಯ ಅಗಲವನ್ನು ಕಣ್ಣಳತೆಯಲ್ಲೇ ನೋಡಿ, ಸರಿಯಾಗಿ ಅಷ್ಟೇ ಉದ್ದದ ತಂತಿ ತಂದಿದ್ದೆ.

ನಾಮಕರಣದ ದಿನ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಗೌರಮ್ಮ ರೇಷ್ಮೆ ಸೀರೆ ಉಟ್ಟು, ಉಡಿದಾರದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಾಳಿ ಚೆನ್ನಾಗಿತ್ತು. ಟಾರ್ಪಾಲು ಉಬ್ಬಿತು, ದೋಣಿ ಹೊರಟಿತು.

"ಪರ್ವಾಗಿಲ್ವೇ!" ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ನಾನೂ ಉಬ್ಬಿದೆ.

ಆದರೆ ಕಾವೇರಿ ಹರಿಯುತ್ತಾಳೆ ಎಂಬ ಅಂಶ ನನ್ನ ಅಳತೆಯಲ್ಲಿ ಸೇರಿರಲಿಲ್ಲ. ದೋಣಿ ಓರೆಯಾಗಿ ಕೆಳಕ್ಕೆ ಜಾರುತ್ತಾ ಜಾರುತ್ತಾ ಸಾಗಿತು. ಆಚೆ ದಡ ಇನ್ನೇನು ಕೂಗಳತೆಯಲ್ಲಿದೆ, ಓಲಗದ ಸದ್ದೂ ಕೇಳುತ್ತಿದೆ. ಟಣ್!

ತಂತಿ ಮುಗಿದಿತ್ತು. ದೋಣಿ ಗಕ್ಕನೆ ನಿಂತಿತು. ಪೈಪು ಬಾಗಿತು. ಟಾರ್ಪಾಲು ನಮ್ಮಿಬ್ಬರ ಮೇಲೂ ಕವುಚಿಕೊಂಡಿತು. ತಂತಿ ಕತ್ತರಿಸೋಣವೆಂದರೆ ಕಟಿಂಗ್ ಪ್ಲೇಯರ್ ದಡದ ಗುಂಡಿಯ ಪಕ್ಕದಲ್ಲಿ. ಬೋಲ್ಟು ಬಿಚ್ಚೋಣವೆಂದರೆ ಸ್ಪ್ಯಾನರ್ ಅದರ ಪಕ್ಕದಲ್ಲಿ!

ಟಾರ್ಪಾಲಿನ ಕೆಳಗಿನಿಂದ ಗೌರಮ್ಮನ ದನಿ ಬಂತು: "ಮಗೀಗೆ ಕಟ್ಟೋಕೆ ಮುಂಚೆ ದೋಣಿಗೇ ಉಡಿದಾರ ಕಟ್ಬಿಟ್ರಲ್ರೀ! ಟೈಮೆಷ್ಟು?"

ಹನ್ನೊಂದೂಕಾಲು. ಎಂಟು ದಿನದಿಂದ ಆ ಡಬ್ಬಿಯನ್ನು ತೆಗೆದು ತೆಗೆದು ನೋಡಿ ಇಟ್ಟಿದ್ದಳು.

ಮಾದಪ್ಪ ತೆಪ್ಪ ತಿರುಗಿಸಿಕೊಂಡು ನಿಧಾನವಾಗಿ ಬಂದ. ನೀರಿಗೆ ಇಣುಕಿ ನೋಡಿ, "ಅಲ್ಲ ಸಾ, ತಂತಿ ಪೂರಾ ನೀರಲ್ಲೇ ಬಿದ್ದದೆ. ಸಿಡಿಲು ಅದ ಬುಟ್ಟು ಗುಂಡಿಗಂಟ ಯಾಕ್ ಹೋದದು?" ಎಂದ.

ಗೌರಮ್ಮ ಸೆರಗು ಸಿಕ್ಕಿಸಿ ತೆಪ್ಪಕ್ಕೆ ಇಳಿದಳು. ನಾನೂ ಒಂದು ಕಾಲೆತ್ತಿದೆ.

"ನೀವ್ ಕೂತಿರಿ. ಅರ್ಥಿಂಗ್ ಬಿಟ್ಟು ಬರಬಾರ್ದು."

ಉಡಿದಾರ ಮುಹೂರ್ತಕ್ಕೆ ಸರಿಯಾಗಿ ಕಟ್ಟಾಯಿತಂತೆ. ಹೊಳೆಯ ಮಧ್ಯೆ ನನಗೆ ಮಾದಪ್ಪನ ಕೈಯಲ್ಲಿ ಎಲೆಯಲ್ಲಿ ಎರಡು ಒಬ್ಬಟ್ಟು, ಜೊತೆಗೆ ಒಂದು ಸ್ಪ್ಯಾನರ್ ಬಂದವು. ಸಂಜೆ ಗೌರಮ್ಮ ಬಸ್ಸಿನಲ್ಲಿ ಮನೆಗೆ ಹೋದಳು. ಯಾರು ಏನೇ ಅನ್ನಲಿ, ದೋಣಿಗೆ ಸಿಡಿಲು ಮಾತ್ರ ಹೊಡೆಯಲಿಲ್ಲ!

ಮೊನ್ನೆ ಆ ಮಗುವಿನ ಹುಟ್ಟುಹಬ್ಬಕ್ಕೆ ಮಾದಪ್ಪನ ತೆಪ್ಪದಲ್ಲೇ ಹೋದೆವು. ದಡದಲ್ಲಿ ಹೂತಿದ್ದ ನನ್ನ ಅರ್ಥಿಂಗ್ ಪೈಪಿಗೆ ಕಟ್ಟಿದ್ದ ತೆಪ್ಪದ ಹಗ್ಗ ಬಿಚ್ಚುತ್ತಾ ಅವನೆಂದ: "ಹೊಳೆ ಎಷ್ಟು ಉಕ್ಕುದ್ರೂವೆ ಅಳ್ಳಾಡನಿಲ್ಲ ಸಾ. ಇಂತಾ ಗೂಟ ಇಡೀ ತಲಕಾಡಲ್ಲೇ ಇಲ್ಲ!"

ಮೂವತ್ತು ವರ್ಷದಲ್ಲಿ ನನ್ನ ಅರ್ಥಿಂಗನ್ನು ಬಾಯ್ತುಂಬ ಹೊಗಳಿದವನು ಅವನೊಬ್ಬನೇ.