ದೊಡ್ಡಪ್ಪನ ಸಮತಟ್ಟು ಬಚ್ಚಲು

ನಮ್ಮ ದೊಡ್ಡಪ್ಪನ ಕಣ್ಣಿಗೆ ಮಧುಗಿರಿ ಬೆಟ್ಟವೂ ಒಂದು ಕೆಟ್ಟ ಕೆಲಸವೇ! ನೆಲವೆಂದ ಮೇಲೆ ಸಮವಾಗಿರಬೇಡವೇ? ಊಟಕ್ಕೆ ಕೂತರೆ ಮೊದಲು ಎಲೆಯ ಮೇಲೆ ನೀರು ಚಿಮುಕಿಸಿ, ಅದು ಯಾವ ಕಡೆ ಹರಿಯುತ್ತದೆಂದು ನೋಡಿ, ಆಮೇಲೆ ಅನ್ನ. ಶಿರಾಕ್ಕೆ ನಮ್ಮಣ್ಣನಿಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ, ಇವರು ನಡುಮನೆಯಲ್ಲಿ ತಟ್ಟೆ ತುಂಬ ನೀರಿಟ್ಟು ಬಗ್ಗಿ ಕೂತಿದ್ದರು. ಹುಡುಗಿ ಹೇಗೆಂದು ಕೇಳಿದರೆ, "ಹುಡುಗಿ ಸರಿಯಾಗವ್ಳೆ. ನೆಲ ಮಾತ್ರ ಮೂಡ್ಲ ಕಡೀಕೆ ವಾಲೈತೆ" ಅಂದರು. ಸಂಬಂಧ ಉಳಿದದ್ದು ಬೀಗರ ದೊಡ್ಡ ಮನಸ್ಸಿನಿಂದ.

ಈ ಹುಚ್ಚಿಗೆ ಸರಿಯಾದ ಕೆಲಸ ಸಿಕ್ಕಿದ್ದು, ದೊಡ್ಡಮ್ಮ ಬಚ್ಚಲಿನ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿ ಸೊಂಟ ಮುರಿದುಕೊಂಡಾಗ. ಮೂಳೆ ಕೂಡಿತು, ಒಂದು ಕಾಲು ಗಿಡ್ಡವಾಯಿತು. ಮೋರಿಯ ಕಡೆ ವಾಲಿದ್ದ ಬಚ್ಚಲಿನ ಆ ಇಳಿಜಾರಿನಲ್ಲಿ ನಿಲ್ಲಲು ಅವರಿಗೆ ಜೀವಭಯ. ಸ್ನಾನವೆಂದರೆ ಅಳುತ್ತಿದ್ದರು.

ದೊಡ್ಡಪ್ಪ ಬೆಂಗಳೂರಿನಿಂದ ನೆಲಕ್ಕೆ ಹಾಸುವ ಪಿಂಗಾಣಿ ಬಿಲ್ಲೆ ತಂದರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸು. ಕೊರಟಗೆರೆಯ ಹತ್ತಿರ ಏರಿನಲ್ಲಿ ಎಲ್ಲರೂ ಇಳಿದು ತಳ್ಳಿದರೂ, ಇವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೇ ಕೂತಿದ್ದರಂತೆ!

ಆಮೇಲೆ ನೆಲದ ಕೆಲಸ. ಚಪ್ಪಡಿ ಕಿತ್ತು, ಮಣ್ಣು ದಿಮ್ಮಿಸಿ, ಜಲ್ಲಿ ಹಾಕಿ, ಗಾರೆ ಎಳೆದು, ಉದ್ದನೆಯ ಹಲಗೆ ಆಡಿಸಿ, ನಡುವೆ ಅದೇ ನೀರಿನ ತಟ್ಟೆ. ಕೂದಲೆಳೆಯಷ್ಟು ವಾಲಿದರೂ ಎಲ್ಲವನ್ನೂ ಕೀಳು! ಗಾರೆಯವನು ಬೇಸತ್ತು ಓಡಿಹೋದ. ಇವರೇ ಕರಣೆ ಹಿಡಿದರು. ದೊಡ್ಡಮ್ಮನಿಗೆ ಅಷ್ಟು ದಿನವೂ ಹಿತ್ತಲಿನ ಸೋಗೆ ಮರೆಯೇ ಬಚ್ಚಲು.

"ಅಲ್ಲ ಕಣ್ರೀ, ಬಚ್ಚಲು ಅಂದ್ಮೇಲೆ ವಾಟ ಬ್ಯಾಡ್ವಾ? ಮೋರಿಗೆ ನೀರು ಹೆಂಗೆ ಹೋಗ್ಬೇಕು?" ಎಂದು ದೊಡ್ಡಮ್ಮ ಕೇಳಿದರು.

"ನೀರಿನ ಯೋಚ್ನೆ ನಂಗೆ ಬುಡು. ನಿನ್ ಕಾಲಿಗೆ ಸಮ ಇದ್ರೆ ಸಾಕು."

ಕೊನೆಗೂ ಬಿಲ್ಲೆ ಕೂತವು. ದೊಡ್ಡಮ್ಮ ಗೋಡೆ ಹಿಡಿಯದೆ ನಿಂತು ಸ್ನಾನ ಮಾಡಿದರು. ನೀರು ಮಾತ್ರ ಒಂದಿಂಚೂ ಕದಲಲಿಲ್ಲ! "ಭತ್ತ ನಾಟಿ ಮಾಡ್ಬೋದು ಕಣಣ್ಣ" ಎಂದು ನಮ್ಮಪ್ಪ ನಕ್ಕರು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಗಾರೆಯ ಹಲಗೆಯಿಂದಲೇ ನೀರನ್ನು ಮೋರಿಗೆ ತಳ್ಳಿ, ದೊಡ್ಡಮ್ಮ ಜಾರಬಾರದೆಂದು ಗೋಣಿತಾಟಿನಲ್ಲಿ ಒರೆಸಿದರು. ಕುಡಿದ ಲೋಟವನ್ನೂ ತೊಳೆದಿಡದ ಮನುಷ್ಯ, ಅಂದಿನಿಂದ ಪ್ರತಿ ಬೆಳಿಗ್ಗೆ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಮನೆಯವರೆಲ್ಲ ನಗುತ್ತಲೇ ಇದ್ದೆವು. ಈಗ ನೆನೆದರೆ ಆ ಹಲಗೆ ಎಳೆಯುವ ಸದ್ದಿಗೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು ಅನ್ನಿಸುತ್ತದೆ.

ದೊಡ್ಡಮ್ಮ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ನಮ್ಮಪ್ಪ ಹೆದರುತ್ತಲೇ ಕೇಳಿದರು. "ಅಣ್ಣ, ಇನ್ನಾದ್ರೂ ಬಚ್ಚಲಿಗೆ ವಾಟ ಕೊಡ್ಸಾನಾ?"

ಬೈಗುಳ ಬರುತ್ತದೆಂದು ನಾವೆಲ್ಲ ತಲೆ ತಗ್ಗಿಸಿದೆವು. ದೊಡ್ಡಪ್ಪ ಒಣಗಿದ ಹಲಗೆಯನ್ನು ಗೋಡೆಗೆ ಒರಗಿಸಿದರು.

"ಕೊಡ್ಸು ಕಣ್ಲಾ. ಇನ್ಯಾರಿಗೆ ಸಮ ಇರ್ಬೇಕು?"

ಅಂದು ಊಟಕ್ಕೆ ಕೂತ ದೊಡ್ಡಪ್ಪ ಎಲೆಯ ಮೇಲೆ ನೀರು ಚಿಮುಕಿಸಲೇ ಇಲ್ಲ.