ಚಿಕ್ಕಮ್ಮನ ಕಂದು ಉಂಗುರ

ನಮ್ಮ ಚಿಕ್ಕಮ್ಮನನ್ನು ಮನೆಗೆ ಕರೆಯುವ ಧೈರ್ಯ ನೆಂಟರಲ್ಲಿ ಯಾರಿಗೂ ಇಲ್ಲ. ಜಗಳಗಂಟಿಯೇ? ಅಲ್ಲ. ಊಟದಲ್ಲಿ ಕೊಂಕು ತೆಗೆಯುತ್ತಾಳೆಯೇ? ಅದೂ ಇಲ್ಲ. ಕುಡಿಯಲು ಕೊಟ್ಟ ನೀರಿನಲ್ಲಿ ಏನೇನಿದೆ ಎಂದು ಅವಳು ಕಂಡುಹಿಡಿಯುತ್ತಾಳೆ, ಅಷ್ಟೆ.

ಹೊಳೆನರಸೀಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ಹೆಸರಿಲ್ಲದ ಉಪ್ಪನ್ನು ಕೈಗೆ ಕೊಟ್ಟು, ಇದರಲ್ಲಿ ಏನಿದೆ ಹೇಳು ಎಂದು ಹುಡುಗರನ್ನು ಗೋಳಾಡಿಸುವುದೇ ಕೆಲಸವಾಗಿತ್ತು. ಕೆಲಸ ಬಿಟ್ಟಳು, ಚಟ ಬಿಡಲಿಲ್ಲ. ಬೇರೆ ಹೆಂಗಸರ ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಿ, ಬಾಚಣಿಗೆ ಇದ್ದರೆ ಇವಳದರಲ್ಲಿ ಸಿಲ್ವರ್ ನೈಟ್ರೇಟಿನ ಪುಟ್ಟ ಶೀಶೆ.

ಒಮ್ಮೆ ಹಿರೀಸಾವೆಯಲ್ಲಿ ಬಸ್ಸು ನಿಂತಾಗ ಹೋಟೆಲಿಗೆ ಹೋದೆವು. ಲೋಟದ ನೀರಿಗೆ ಆ ಶೀಶೆಯಿಂದ ಎರಡು ತೊಟ್ಟು ಬಿಟ್ಟಳು. ನೀರು ಮಜ್ಜಿಗೆಯಂತಾಯಿತು. ಹೋಟೆಲಿನವನು ಓಡಿಬಂದ.

"ಏನಾಕುದ್ರವ್ವ ನನ್ ನೀರ್ಗೆ?"

"ಹಾಕಿದ್ದಲ್ಲಪ್ಪ, ಇದ್ದದ್ದನ್ನ ತೋರಿಸ್ದೆ. ಕ್ಲೋರೈಡು. ಹೆದರಬೇಡ, ಎಲ್ಲಾ ನೀರಲ್ಲೂ ಇರುತ್ತೆ."

ಅವನು ಹೆದರಲಿಲ್ಲ. ಹೆದರಿದವರು ಪಕ್ಕದ ಮೇಜಿನವರು. ಅರ್ಧ ಇಡ್ಲಿ ಬಿಟ್ಟು ಎದ್ದರು. ಈಗ ಅವಳು ಬಾಗಿಲಲ್ಲಿ ಕಂಡರೆ ಸಾಕು, ಹೋಟೆಲಿನವನೇ ಕಾಫಿ ಹಿಡಿದು ಎದುರಿಗೆ ಬರುತ್ತಾನೆ. ನೀರಿನ ಮಾತೇ ಇಲ್ಲ.

ಅರಕಲಗೂಡಿನ ಮದುವೆಯಲ್ಲಿ ಇನ್ನೊಂದು. ಅಡುಗೆಯವರ ಎರಡು ಡಬ್ಬಿಗಳಲ್ಲಿ ಉಪ್ಪು ಯಾವುದು, ಸೋಡಾ ಯಾವುದು ಎಂದು ಗೊಂದಲವಾಯಿತು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ನಿಂಬೆಹಣ್ಣು ತರಿಸಿದಳು. ಹುಳಿ ಬಿದ್ದೊಡನೆ ನೊರೆ ಉಕ್ಕಿದರೆ ಅದು ಸೋಡಾ. ಹಣ್ಣು ಹೆಚ್ಚುವಷ್ಟರಲ್ಲಿ ಅಡುಗೆಯವನು ಬೆರಳಿಗೆ ಹತ್ತಿಸಿ ನೆಕ್ಕಿಬಿಟ್ಟ.

"ಲ್ಯಾಬಲ್ಲಿ ರುಚಿ ನೋಡಬಾರದು ಕಣಪ್ಪ," ಎಂದಳು ನೊಂದುಕೊಂಡು.

"ಇದು ಅಡ್ಗೆಮನೆ ಕಣವ್ವ," ಎಂದು ಅವನು ಸಾರಿಗೆ ಉಪ್ಪು ಹಾಕಿದ.

ಹೀಗೆ ನಗುತ್ತಲೇ ಇದ್ದೆವು, ನನ್ನ ತಂಗಿಗೆ ಮಗುವಾಗುವ ತನಕ.

ತಂಗಿಯನ್ನು ಕೊಟ್ಟಿರುವುದು ದಂಡಿಗನಹಳ್ಳಿ ಕಡೆಯ ಹಳ್ಳಿಗೆ. ಎದೆಹಾಲು ಸಾಲದೆ ಕೂಸಿಗೆ ಪುಡಿ ಹಾಲು ಕಲಸಿ ಕೊಡುತ್ತಿದ್ದರು. ನಾನೂ ಚಿಕ್ಕಮ್ಮನೂ ನೋಡಲು ಹೋದೆವು. ಇನ್ನೂ ಕತ್ತು ನಿಲ್ಲದ ಕೂಸು. ಎತ್ತಿಕೊಂಡವಳೇ ಚಿಕ್ಕಮ್ಮ ಅದರ ತುಟಿ ನೋಡಿದಳು, ಉಗುರು ನೋಡಿದಳು. ಎರಡೂ ನೀಲಿಗಟ್ಟಿದ್ದವು.

"ಶೀತ ಕಣವ್ವ," ಎಂದರು ತಂಗಿಯ ಅತ್ತೆ.

"ಹಾಲು ಕಲಸೋದು ಯಾವ ನೀರಲ್ಲಿ?"

"ನಮ್ ಬಾವೀದೇ. ಚೆನ್ನಾಗ್ ಕುದಿಸ್ತೀವಿ."

ಚಿಕ್ಕಮ್ಮ ಹಿತ್ತಲಿಗೆ ಹೋಗಿ ಬಾವಿ ನೋಡಿದಳು. ಅದಕ್ಕೆ ಅಂಟಿಕೊಂಡೇ ತಿಪ್ಪೆಗುಂಡಿ. ಒಂದು ಬಾಟಲಿ ನೀರು ತುಂಬಿಕೊಂಡು ಬಂದು, "ಏಳೇ, ಈಗಲೇ ಹಾಸನಕ್ಕೆ ಹೊರಡು," ಎಂದು ತಂಗಿಗೆ ಹೇಳಿದಳು. ಅವಳ ದನಿ ಕೇಳಿ ಅತ್ತೆಯೇ ಕೂಸಿಗೆ ಹೊದಿಕೆ ತಂದುಕೊಟ್ಟರು.

ತಾನು ಆ ನೀರನ್ನು ಪರೀಕ್ಷಿಸಲು ಚನ್ನರಾಯಪಟ್ಟಣದ ತನ್ನ ಮನೆಗೆ ಹೋದಳು. ನಾವು ಹಾಸನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೂಸಿನ ರಕ್ತ ತೆಗೆದರು. ಅದು ಕೆಂಪಗಿರಲಿಲ್ಲ, ಚಾಕೊಲೇಟ್ ಬಣ್ಣಕ್ಕಿತ್ತು. "ಮನೇಲಿ ಯಾವ ನೀರು ಕೊಡ್ತೀರಿ?" ಎಂದು ಅವರು ಕೇಳುತ್ತಿದ್ದಾಗಲೇ ನನ್ನ ಫೋನು ಹೊಡೆದುಕೊಂಡಿತು.

"ನೀರು ಬತ್ತಿಸಿ, ಕಬ್ಬಿಣದ ಲವಣ ಬೆರೆಸಿ, ಆಸಿಡ್ ಇಳಿಬಿಟ್ಟೆ. ಗಾಜಿನ ನಳಿಕೆಯಲ್ಲಿ ಕಂದು ಉಂಗುರ ಕಟ್ತು," ಎಂದಳು ಚಿಕ್ಕಮ್ಮ. "ನೈಟ್ರೇಟು. ತಿಪ್ಪೆಯಿಂದ ಬಸಿದಿದೆ. ಶುದ್ಧ ನೀರಲ್ಲೂ ಮಾಡಿ ನೋಡ್ದೆ, ಅದರಲ್ಲಿ ಉಂಗುರ ಇಲ್ಲ. ಡಾಕ್ಟರಿಗೆ ಹೇಳು."

ಹೇಳಿದೆ. ಡಾಕ್ಟರು ತಲೆಯಾಡಿಸಿದರು, ಅವರ ಅನುಮಾನವೂ ಅದೇ ಆಗಿತ್ತು. ಔಷಧಿ ಹಾಕಿದರು. ಸಂಜೆ ಹೊತ್ತಿಗೆ ತುಟಿ ಕೆಂಪಾಯಿತು. ತಂಗಿ ಆಗ ಅತ್ತಳು.

ಆದರೆ ಕೂಸನ್ನು ಊರಿಗೆ ಕರೆತಂದ ಮೇಲೆ ಅತ್ತೆ ಒಪ್ಪಬೇಕಲ್ಲ? "ನಮ್ಮತ್ತೆ ಕಾಲ್ದಿಂದ ಇದೇ ನೀರ್ ಕುಡ್ಕಂಡ್ ಬಂದೀವಿ. ಸೀ ನೀರು ಕಣ್ರವ್ವ."

"ನಿಮಗೇನೂ ಆಗಲ್ಲ ಅಮ್ಮ," ಎಂದಳು ಚಿಕ್ಕಮ್ಮ. " ಎಳೇ ಕೂಸಿಗೆ ತಡೆಯಲ್ಲ, ಈ ನೈಟ್ರೇಟು ಅದರ ರಕ್ತಕ್ಕೆ ಆಮ್ಲಜನಕ ಹೊರೋಕೆ ಬಿಡಲ್ಲ. ಕುದಿಸಿದ್ರೆ ನೀರು ಬತ್ತುತ್ತೆ, ಅದು ಉಳಿದು ಇನ್ನೂ ಗಟ್ಟಿಯಾಗುತ್ತೆ."

"ನೀರ್ ಕುದ್ಸುದ್ರೂ ತಪ್ಪಾ?" ಎಂದು ಆಕೆ ಒಳಗೆ ಹೋಗಿಬಿಟ್ಟರು.

ಚಿಕ್ಕಮ್ಮ ವಾದ ಬೆಳೆಸಲಿಲ್ಲ. ಮರುದಿನದಿಂದ ಚನ್ನರಾಯಪಟ್ಟಣದ ಶುದ್ಧ ನೀರಿನ ಘಟಕದಲ್ಲಿ ಕ್ಯಾನು ತುಂಬಿಸಿಕೊಂಡು ಬೆಳಗಿನ ಬಸ್ಸು ಹತ್ತತೊಡಗಿದಳು. ಆ ನೀರಿಗೂ ಮೊದಲು ಉಂಗುರದ ಪರೀಕ್ಷೆ ಆಗಿತ್ತೆಂದು ಬೇರೆ ಹೇಳಬೇಕೇ? ಕಂಡಕ್ಟರ್ ತಕರಾರು ತೆಗೆದ.

"ಹೆಂಗಸ್ರಿಗೆ ಫ್ರೀ ಮೇಡಂ. ಕ್ಯಾನು ಹೆಂಗಸಲ್ವಲ್ಲ?"

ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಅವನೇ ಸೋತ.

ಒಂದು ಬೆಳಿಗ್ಗೆ ನಾನೂ ಜೊತೆಗಿದ್ದೆ. ಬಸ್ಸಿಳಿದರೆ ತಂಗಿಯ ಅತ್ತೆ ಅರಳೀಕಟ್ಟೆಯ ಹತ್ತಿರ ಕಾಯುತ್ತ ನಿಂತಿದ್ದರು. ಚಿಕ್ಕಮ್ಮನ ಕೈಯಿಂದ ಕ್ಯಾನು ತೆಗೆದು ಸೊಂಟಕ್ಕಿಟ್ಟುಕೊಂಡರು. ಸ್ವಲ್ಪ ದೂರ ನಡೆದ ಮೇಲೆ ಹೇಳಿದರು.

"ತಿಪ್ಪೆ ಒಲದ್ ತಾವ್ಕೆ ಸಾಗಿಸ್ದೆ ಮೇಡಮ್ನೋರೆ. ಇನ್ಮೇಲೆ ನೀರು ನನ್ ಮಗನೇ ತತ್ತಾನೆ. ನಿಮ್ಗೆ ಮಂಡಿ ನೋವು, ನಾಳೆಯಿಂದ ಬರ್ಬೇಡಿ."

"ನಾಳೆನೂ ಬರ್ತೀನಿ," ಎಂದಳು ಚಿಕ್ಕಮ್ಮ. "ನೀರಿಗಲ್ಲ."

ಮನೆಯೊಳಗೆ ಕೂಸು ಅಳುತ್ತಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು. ಅತ್ತೆ ಆ ಚಪ್ಪಲಿ ನೋಡಿದರು, ಕ್ಯಾನು ಹೊತ್ತುಕೊಂಡೇ ಹಿಂದೆ ನಡೆದರು.